ಮಲ್ಲೇಶ್ವರದ ಹಳೆ ಮನೆಗೆ ಫ್ರೆಂಚ್ ಆರ್ಟ್ ಡೆಕೊ ಶಾಂಡೆಲಿಯರ್: ಮುಂಗಡ ಕೊಡುವ ಮುಂಚೆ ಏನೇನು ನೋಡಬೇಕು?

ಸಂಪಿಗೆರಸ್ತೆ

ನಮಸ್ಕಾರ. ಊರಲ್ಲೇ ಹಳೆ ಸಾಮಾನಿನ ವ್ಯಾಪಾರಿಯೊಬ್ಬರ ಹತ್ತಿರ ಮಾರಾಟಕ್ಕಿರುವ ಶಾಂಡೆಲಿಯರ್ ಬಗ್ಗೆ ತಿಳಿದವರ ಅಭಿಪ್ರಾಯ ಬೇಕು. ಫ್ರಾನ್ಸಿನದು, 1930ರ ಆಸುಪಾಸಿನದು, ಆರ್ಟ್ ಡೆಕೊ (1920-30ರ ದಶಕಗಳ ಅಲಂಕಾರ ಶೈಲಿ) ಅಂತ ಅವರು ಹೇಳ್ತಾರೆ. ನಡುವೆ ದೊಡ್ಡ ಗಾಜಿನ ಬೋಗುಣಿ, ಸುತ್ತ ನಾಲ್ಕು ಕೈ, ಪ್ರತಿ ಕೈಯ ತುದಿಗೆ ಬಾಯಿ ಕೆಳಗಾದ ಟುಲಿಪ್ ಶೇಡ್. ಗಾಜು ದಪ್ಪ, ಮಂಜು ಕವಿದಂಥ ಬಿಳಿ, ಮೇಲೆ ಉಬ್ಬು ಹೂವಿನ ವಿನ್ಯಾಸ, ಹೂವಿನ ನೆತ್ತಿ ಮಾತ್ರ ಹೊಳಪು. ಬೋಗುಣಿಯ ಮೇಲೂ ಮೂರು ಟುಲಿಪ್ ಮೇಲೂ "ಮುಲ್ಲರ್ ಫ್ರೇರ್ ಲ್ಯುನೆವಿಲ್" ಎಂಬ ಉಬ್ಬಕ್ಷರ ಇದೆ. ನಾಲ್ಕನೆಯದರಲ್ಲಿ ಇಲ್ಲ. ಚೌಕಟ್ಟು ಕಪ್ಪು ಕಬ್ಬಿಣ, ಅಲ್ಲಲ್ಲಿ ಬೆಸುಗೆ ಕಾಣುತ್ತೆ. ಅಡ್ಡಳತೆ 68 ಸೆಂ.ಮೀ., ಎತ್ತರ 92 ಸೆಂ.ಮೀ., ಒಟ್ಟು ತೂಕ 12 ಕೆ.ಜಿ. ಬಟ್ಟೆ ಸುತ್ತಿದ ಹಳೆ ವೈರ್ ಹಾಗೇ ಇದೆ. ಕೇಳ್ತಿರೋದು 1.6 ಲಕ್ಷ.

ಮನೆ ಎರಡು ಕಾಲದ್ದು. ಮುಂದಿನ ಹಾಲ್ ಮದ್ರಾಸ್ ತಾರಸಿ, ತೇಗದ ಜಂತಿ, ಎತ್ತರ 13 ಅಡಿ. ಹಿಂದೆ ಆಮೇಲೆ ಕಟ್ಟಿಸಿದ ಊಟದ ಕೋಣೆ ಆರ್‌ಸಿಸಿ, 10 ಅಡಿ, ಫ್ಯಾನ್ ಕೊಕ್ಕೆ ಇದೆ. ಎಲ್ಲಿ ತೂಗುಹಾಕಿದರೆ ಒಳ್ಳೇದು? ಅಸಲಿಯೋ ಅಲ್ಲವೋ ಅಂತ ನೋಡುವುದು ಹೇಗೆ? ಇಂಥವೇ ಫ್ರಾನ್ಸಿನ ಹರಾಜುಗಳಲ್ಲಿ ಇದಕ್ಕಿಂತ ಬಹಳ ಕಡಿಮೆಗೆ ಹೋಗುತ್ತಿರುವುದು ಕಾಣ್ತಿದೆ. ನೇರವಾಗಿ ತರಿಸಿದರೆ ಲಾಭ ಇದೆಯೇ?

ಗಾಜಿನಮನೆ

ಇಂಥ ದೀಪದಲ್ಲಿ ನೀವು ಹಣ ಕೊಡುವುದು ಗಾಜಿಗೆ. ಕಬ್ಬಿಣ ತುಕ್ಕು ಹಿಡಿದಿದ್ದರೆ ಉಜ್ಜಬಹುದು, ವೈರ್ ಹೇಗಿದ್ದರೂ ಬದಲಿಸಲೇಬೇಕು. ಆದರೆ ಬಿರುಕು ಬಿಟ್ಟ ಬೋಗುಣಿಗೆ ಮದ್ದಿಲ್ಲ. ಹಾಗಾಗಿ ಚೌಕಟ್ಟಿನ ಅಂದ ನೋಡುತ್ತ ನಿಲ್ಲಬೇಡಿ. ಐದೂ ಗಾಜನ್ನು ಬಿಚ್ಚಿ ಮೇಜಿನ ಮೇಲೆ ಟವೆಲ್ ಹಾಸಿ ಇಡಲು ಹೇಳಿ. ಬಿಚ್ಚಲು ಒಪ್ಪದ ವ್ಯಾಪಾರಿಯ ಹತ್ತಿರ ಮುಂದಿನ ಮಾತು ಬೇಡ, ಯಾಕೆಂದರೆ ಏಟು ಬಿದ್ದಿರುವುದು ಸಾಮಾನ್ಯವಾಗಿ ಲೋಹದ ಬಳೆಯೊಳಗೆ ಅಡಗಿದ ಕತ್ತಿನಲ್ಲೇ.

ಮುಲ್ಲರ್ ಸೋದರರ ಕಾರ್ಖಾನೆ ಲೋರೇನ್ ಪ್ರಾಂತದ ಲ್ಯುನೆವಿಲ್‌ನದು, 1930ರ ದಶಕದಲ್ಲೇ ಮುಚ್ಚಿತು. ನೀವು ಹೇಳಿದ ಬಗೆ ಅಚ್ಚಿಗೆ ಒತ್ತಿ ಮಾಡಿದ ಗಾಜು. ಆಮೇಲೆ ಆಮ್ಲದಲ್ಲಿ ಮಂಜು ಹಿಡಿಸಿ ಉಬ್ಬಿದ ಭಾಗಕ್ಕಷ್ಟೇ ಹೊಳಪು ಕೊಡುತ್ತಿದ್ದರು. ಕಾಂಪಿಯೆನ್‌ನ ದೆಗೆ, ಪ್ಯಾರಿಸ್‌ನ ಸಬಿನೊ ಇವರ ಗಾಜೂ ಇದೇ ದಾರಿಯದು. ಅಚ್ಚಿನಲ್ಲೇ ಕೊರೆದ ಹೆಸರಾದ್ದರಿಂದ ಅಕ್ಷರವೂ ಹೂವಿನ ಹಾಗೇ ಉಬ್ಬಿರುತ್ತೆ, ಅಕ್ಷರದ ಅಂಚು ದುಂಡಗೆ ಕರಗಿದಂತೆ ಇರುತ್ತೆ, ಅದರ ಮೇಲೂ ಅದೇ ಮಂಜು ಇರುತ್ತೆ. ವಿನ್ಯಾಸದ ಗೆರೆಯನ್ನು ಅಡ್ಡ ಕತ್ತರಿಸಿಕೊಂಡು ಹೋಗುವ, ಚೂಪು ಅಂಚಿನ, ಮರಳು ಊದಿ ಕೊರೆದಂಥ ಸಹಿ ಕಂಡರೆ ಅನುಮಾನಪಡಿ. ನಾನ್ಸಿಯ ಗಾಜಿನ ಕಾರ್ಖಾನೆ ಡೋಮ್‌ನವರದು ಬೇರೆ ಪದ್ಧತಿ. ಅಲ್ಲಿ ಕೊರೆದ ಹೆಸರಿನ ಜೊತೆ ಎರಡು ಅಡ್ಡಗೆರೆಯ ಲೋರೇನ್ ಶಿಲುಬೆ ಇರುತ್ತೆ. ಫ್ರೆಂಚ್ ಗಾಜುಗಾರ ಲಾಲಿಕ್ ಹೆಸರಿನದು ಯಾರಾದರೂ ತೋರಿಸಿದರೆ ಇನ್ನೊಂದು ವಿಷಯ ನೆನಪಿರಲಿ: ರೆನೆ ಲಾಲಿಕ್ ತೀರಿಕೊಂಡ 1945ರ ನಂತರದ ಮಾಲಿನಲ್ಲಿ ಹೆಸರಿನ ಮುಂದಿನ "ಆರ್" ಅಕ್ಷರ ಇರುವುದಿಲ್ಲ.

ಸಹಿ ಹೇಳುವುದು ಗಾಜು ಯಾರದು ಅಂತ ಮಾತ್ರ. ಚೌಕಟ್ಟನ್ನು ಬೇರೆ ಕಮ್ಮಾರ ಮಾಡುತ್ತಿದ್ದ, ಬಹುಪಾಲು ಅದರಲ್ಲಿ ಹೆಸರೇ ಇರಲ್ಲ. ಒಂದೇ ಗಾಜಿನ ಸೆಟ್ ಹತ್ತು ಬಗೆಯ ಚೌಕಟ್ಟಿನಲ್ಲಿ ಸಿಗುತ್ತೆ, ಅದು ದೋಷವಲ್ಲ. ಬೋಗುಣಿ ಒಂದು ವಿನ್ಯಾಸ, ಟುಲಿಪ್ ಇನ್ನೊಂದು ವಿನ್ಯಾಸ ಆಗಿದ್ದರೆ ಮಾತ್ರ ಅದು ಎರಡು ಒಡೆದ ದೀಪಗಳಿಂದ ಕೂಡಿಸಿದ್ದು. ಬೋಗುಣಿಯ ಹೂವು, ಅದರ ಎಸಳಿನ ಲೆಕ್ಕ, ಹೂವಿನ ಸುತ್ತಲ ಕೋನಗಳು ಟುಲಿಪ್ಪಿನಲ್ಲೂ ಹಾಗೇ ಬಂದಿವೆಯೇ ನೋಡಿ.

ನಾಲ್ಕನೆಯ ಟುಲಿಪ್ ವಿಷಯ. ಸಹಿ ಇಲ್ಲ ಎಂದ ಮಾತ್ರಕ್ಕೆ ನಕಲಿ ಅಲ್ಲ. ಸವೆದ ಅಚ್ಚಿನಲ್ಲಿ ಅಕ್ಷರ ಸರಿಯಾಗಿ ಮೂಡದೇ ಹೋಗುವುದುಂಟು, ಬೆಳಕನ್ನು ಓರೆಯಾಗಿ ಬಿಟ್ಟರೆ ನೆರಳಾದರೂ ಕಾಣಬೇಕು. ಅಂಚಿನ ಹತ್ತಿರ ಸಹಿ ಇದ್ದು, ಒಡೆದ ಅಂಚನ್ನು ಯಾರೋ ಉಜ್ಜಿ ಇಳಿಸಿದ್ದರೂ ಅಕ್ಷರ ಹೋಗಿರುತ್ತೆ. ಇದಕ್ಕೆ ಸುಲಭ ಪರೀಕ್ಷೆ: ನಾಲ್ಕನ್ನೂ ಸಮತಟ್ಟಾದ ಗಾಜಿನ ಮೇಲೆ ಬಾಯಿ ಕೆಳಗೆ ಮಾಡಿ ಸಾಲಾಗಿ ನಿಲ್ಲಿಸಿ, ಮೇಲೆ ಒಂದು ಸ್ಕೇಲ್ ಅಡ್ಡ ಇಡಿ. ಒಂದೇ ಅಚ್ಚಿನವಾದರೆ ವ್ಯತ್ಯಾಸ 1 ಮಿ.ಮೀ. ದಾಟಬಾರದು. 2-3 ಮಿ.ಮೀ. ಗಿಡ್ಡ ಇದ್ದರೆ ಅಂಚು ಉಜ್ಜಿದ್ದಾರೆ. ಎತ್ತರ ಸರಿಯಿದ್ದೂ ಹಗಲು ಬೆಳಕಿನಲ್ಲಿ ಬಣ್ಣ ತುಸು ಹಸಿರು ಅಥವಾ ಬೂದು ಹೊಡೆದರೆ ಅದು ಹೊರಗಿಂದ ಬಂದು ಸೇರಿದ್ದು. ಅಂಗಡಿಯ ಹಳದಿ ಬೆಳಕಿನಲ್ಲಿ ಇದು ಗೊತ್ತೇ ಆಗಲ್ಲ, ಬಾಗಿಲ ಹತ್ತಿರ ತಂದು ನೋಡಿ.

ಬಿರುಕಿಗೆ ಕತ್ತಲಲ್ಲಿ ಸಣ್ಣ ಎಲ್‌ಇಡಿ ಟಾರ್ಚನ್ನು ಒಳಗಿಂದ ಹಿಡಿದು ನಿಧಾನಕ್ಕೆ ತಿರುಗಿಸಿ. ಅಚ್ಚಿನ ಭಾಗಗಳು ಕೂಡಿದ ಗೆರೆ ಎಲ್ಲ ಕೋನದಲ್ಲೂ ಒಂದೇ ಥರ ಕಾಣುತ್ತೆ, ಉಗುರಿಗೆ ಉಬ್ಬಾಗಿ ಸಿಗುತ್ತೆ. ಬಿರುಕು ಒಂದು ಕೋನದಲ್ಲಿ ಕನ್ನಡಿಯ ಹಾಗೆ ಫಳಕ್ ಎಂದು ಹೊಳೆದು ಇನ್ನೊಂದರಲ್ಲಿ ಮಾಯ. ಒಳಮೈಯಲ್ಲಿ ಅಲೆಅಲೆಯಾದ ಸುಕ್ಕು ಕಂಡರೆ ಗಾಬರಿ ಬೇಡ, ಬಿಸಿ ಗಾಜು ತಣ್ಣನೆ ಅಚ್ಚಿಗೆ ತಾಗಿ ಬರುವ ಗುರುತು ಅದು. ಬೋಗುಣಿಯಲ್ಲಿ ತೂತು ಇದ್ದರೆ ಅದರ ಸುತ್ತ, ಕೊಕ್ಕೆಯಲ್ಲಿ ನಿಲ್ಲುವುದಾದರೆ ಕೊಕ್ಕೆ ಹಿಡಿಯುವ ಜಾಗದಲ್ಲಿ, ನಕ್ಷತ್ರದ ಹಾಗೆ ಕವಲೊಡೆದ ಸಣ್ಣ ಬಿರುಕು ಇದೆಯೇ ನೋಡಿ. ಇದ್ದರೆ ಅಲ್ಲಿಗೆ ಮುಗಿಯಿತು, ಎಷ್ಟು ಅಗ್ಗವಾದರೂ ತಲೆಯ ಮೇಲೆ ತೂಗುಹಾಕುವಂಥದ್ದಲ್ಲ. ಚಕ್ಕೆ ಎದ್ದ ಜಾಗಕ್ಕೆ ಅಂಟು ತುಂಬಿ ಮಂಜು ಬಣ್ಣ ಬಳಿದಿದ್ದರೆ ಬರಿಗಣ್ಣಿಗೆ ಕಾಣಲ್ಲ. ನೇರಳಾತೀತ ಟಾರ್ಚ್ ಹಿಡಿದರೆ ಅಂಟು ಸಾಮಾನ್ಯವಾಗಿ ಸುತ್ತಲಿನ ಗಾಜಿಗಿಂತ ಬೇರೆಯಾಗಿ ಬೆಳಗುತ್ತೆ.

ಮಂಜಿನ ಸ್ಪರ್ಶವೂ ಒಂದು ಸಾಕ್ಷಿ. ಆಮ್ಲದ ಮಂಜು ರೇಷ್ಮೆಯಂತೆ ಜಾರುತ್ತೆ. ಮರಳು ಊದಿದ್ದು ಒರಟು, ಬೆರಳಚ್ಚು ತಕ್ಷಣ ಹಿಡಿಯುತ್ತೆ. ಕಬ್ಬಿಣದಲ್ಲಿ ಬೆಸುಗೆ ಇದೆ ಅಂದಿರಿ, ಅದು ನನಗೆ ಸರಿ ಕಾಣ್ತಿಲ್ಲ. ಆ ಕಾಲದ ಕೆಲಸದಲ್ಲಿ ರಿವೆಟ್, ಪಟ್ಟಿ ಇರಬೇಕು.

ಕಬ್ಬಿಣದಕಡಲೆ

ಗಾಜಿನ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸುವುದೇನಿಲ್ಲ. ಬೆಸುಗೆ ಮಾತು ಮಾತ್ರ ಒಪ್ಪಲ್ಲ. ಆ ಕಾಲದ ಅತಿ ಹೆಸರುವಾಸಿ ಫ್ರೆಂಚ್ ಲೋಹಶಿಲ್ಪಿ ಎಡ್ಗರ್ ಬ್ರಾಂಟ್ ಸ್ವತಃ ಗ್ಯಾಸ್ ಬೆಸುಗೆಯನ್ನು ಧಾರಾಳವಾಗಿ ಬಳಸಿದವರು, ಆರ್ಟ್ ಡೆಕೊಗೆ ಹೆಸರು ತಂದ 1925ರ ಪ್ಯಾರಿಸ್ ಪ್ರದರ್ಶನದ ಹೊತ್ತಿಗೆ ಅದು ಮುಚ್ಚಿಡುವ ಸಂಗತಿಯೇ ಆಗಿರಲಿಲ್ಲ. ಬೆಸುಗೆ ಇದೆಯೇ ಅನ್ನುವುದಕ್ಕಿಂತ ಎಂಥ ಬೆಸುಗೆ ಅನ್ನುವುದು ಮುಖ್ಯ. ಗ್ಯಾಸಿನದು ಅಗಲವಾಗಿ ಹರಡಿ, ಅರ ಹಾಕಿ ನುಣುಪು ಮಾಡಿರುತ್ತೆ. ಒಂದರ ಮೇಲೊಂದು ನಾಣ್ಯ ಜೋಡಿಸಿದ ಹಾಗೆ ಸಮನಾದ ಅಲೆ, ಸುತ್ತ ಸಿಡಿದ ಸಣ್ಣ ಗುಂಡುಗಳು ಇದ್ದರೆ ಅದು ಈಗಿನ ವೆಲ್ಡಿಂಗ್ ಅಂಗಡಿಯದು. ಅದೂ ಒಂದೇ ಜಾಗದಲ್ಲಿದ್ದರೆ ರಿಪೇರಿ, ನಾಲ್ಕೂ ಕೈಯಲ್ಲಿದ್ದರೆ ಹೊಸ ಚೌಕಟ್ಟು.

ಇನ್ನೂ ಖಾತ್ರಿಯಾದ ಗುರುತುಗಳಿವೆ. ಕೈಗಳು ಗಟ್ಟಿ ಸಲಾಕೆಯವೋ ಚೌಕದ ಟೊಳ್ಳು ಪೈಪಿನವೋ ನೋಡಿ. ಟೊಳ್ಳು ಚೌಕ ಪೈಪಾದರೆ ಹೊಸದಿರಬಹುದು. ಸುತ್ತಿಗೆ ಪೆಟ್ಟಿನ ಗುರುತು ಗಾತ್ರದಲ್ಲಿ ಏರುಪೇರಾಗಿರಬೇಕು, ನಾಲ್ಕು ಕೈಯಲ್ಲೂ ಅದೇ ಜಾಗಕ್ಕೆ ಅದೇ ಗುರುತು ಬಂದಿದ್ದರೆ ಅದು ಅಚ್ಚಿನಲ್ಲಿ ಎರಕ ಹೊಯ್ದದ್ದು. ಅಯಸ್ಕಾಂತ ಅಂಟದಿದ್ದರೆ ಕಬ್ಬಿಣವೇ ಅಲ್ಲ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಡುವೆ, ಅದೂ ಅಮೆರಿಕದಲ್ಲಿ. ಒಂದೆರಡು ಇದ್ದರೆ ಯಾರೋ ಬದಲಿಸಿದ್ದಾರೆ ಅಂತ ಬಿಡಬಹುದು, ಎಲ್ಲವೂ ಅವೇ ಆಗಿದ್ದರೆ ಯೋಚಿಸಿ.

"ಪೌಡರ್ ಕೋಟ್ ಮಾಡಿಸಿ ಕೊಡ್ತೀವಿ" ಅಂದರೆ ಬೇಡ ಅನ್ನಿ. ಸುತ್ತಿಗೆ ಗುರುತಿನ ಒಳಗೆಲ್ಲ ಪ್ಲಾಸ್ಟಿಕ್ ತುಂಬಿ ಗೇಟಿನ ಗ್ರಿಲ್ ಥರ ಕಾಣುತ್ತೆ, ಜೊತೆಗೆ ಅರ್ತ್ ಕೂಡ ಹಿಡಿಯಲ್ಲ. ಒಣ ಬ್ರಷ್‌ನಿಂದ ಧೂಳು ತೆಗೆದು, ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್‌ಗೆ ಒಂದೆರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ತುಕ್ಕಿನ ಜಾಗವನ್ನಷ್ಟೇ ಉಜ್ಜಿ, ಒರೆಸಿ, ತೆಳುವಾಗಿ ಮೇಣ ಹಚ್ಚಿದರೆ ಸಾಕು. ಇದು ಕಬ್ಬಿಣದ ಮಾತು. ನಿಕಲ್ ಲೇಪದ ಕಂಚಿನ ಚೌಕಟ್ಟಾದರೆ ಸ್ಟೀಲ್ ವುಲ್ಲೂ ಬೇಡ, ಬ್ರಾಸೋನೂ ಬೇಡ. ಲೇಪ ತೆಳು, ಒಂದೇ ಹಬ್ಬದ ಉಜ್ಜಾಟಕ್ಕೆ ಕೆಳಗಿನ ಹಳದಿ ಹೊರಗೆ ಬರುತ್ತೆ.

ಎಲ್ಲಿ ತೂಗುಹಾಕಬೇಕು ಅನ್ನೋದಕ್ಕೆ ಲೆಕ್ಕ ಹಾಕಿ. ಜನ ಓಡಾಡುವ ಕಡೆ ದೀಪದ ತಳ ನೆಲದಿಂದ 7 ಅಡಿ ಅಂದರೆ ಸುಮಾರು 213 ಸೆಂ.ಮೀ. ಮೇಲಿರಬೇಕು. ನಿಮ್ಮ 13 ಅಡಿ ಹಾಲ್ 396 ಸೆಂ.ಮೀ. ಅದರಲ್ಲಿ 213 ಮತ್ತು ದೀಪದ 92 ಕಳೆದರೆ 91 ಸೆಂ.ಮೀ. ಸರಪಳಿಯೋ ರಾಡೋ ಹೆಚ್ಚುವರಿ ಬೇಕು. ಊಟದ ಮೇಜಿನ ಮೇಲಾದರೆ ಯಾರೂ ಕೆಳಗೆ ನಡೆಯಲ್ಲ, ಮೇಜಿನ ಹಲಗೆಯಿಂದ 75-90 ಸೆಂ.ಮೀ. ಮೇಲಿದ್ದರೆ ಅಂದ. 75 ಸೆಂ.ಮೀ. ಮೇಜು, ಅದರ ಮೇಲೆ 80, ಒಟ್ಟು 155. ನಿಮ್ಮ 305ರಲ್ಲಿ 155, 92 ಕಳೆದರೆ 58 ಉಳಿಯಿತು. ಎರಡೂ ಕಡೆ ಉದ್ದ ಮಾಡಬೇಕೇ ಹೊರತು ಮೂಲ ರಾಡನ್ನು ಕತ್ತರಿಸುವ ಪ್ರಮೇಯವೇ ಇಲ್ಲ, ಅದು ನಿಮ್ಮ ಪುಣ್ಯ. ಕತ್ತರಿಸಿದ ರಾಡ್ ಇರುವ ದೀಪಕ್ಕೆ ಮುಂದೆ ಮಾರುವಾಗ ಬೆಲೆ ಬಿದ್ದುಹೋಗುತ್ತೆ.

ಉದ್ದ ಮಾಡುವಾಗ ಥ್ರೆಡ್ ನೋಡಿ. ಯುರೋಪಿನ ದೀಪದ ಪೈಪುಗಳಲ್ಲಿ ಹೆಚ್ಚಾಗಿ 10 ಮಿ.ಮೀ. ಅಡ್ಡಳತೆಗೆ 1 ಮಿ.ಮೀ. ಪಿಚ್ (ಥ್ರೆಡ್ಡಿನ ಸುತ್ತಿನಿಂದ ಸುತ್ತಿಗೆ ಇರುವ ಅಂತರ) ಇರುತ್ತೆ. ಎಸ್‌ಜೆಪಿ ರಸ್ತೆಯಲ್ಲಿ ಎಂ10 ನಟ್ ಕೊಡಿ ಅಂದರೆ ಸಿಗೋದು 1.5 ಪಿಚ್‌ನದು. ಎರಡು ಸುತ್ತು ಹತ್ತಿ ಬಿಗಿಯಾಗುತ್ತೆ, ಜೋರು ಮಾಡಿದರೆ ಹಳೆ ಥ್ರೆಡ್ ಹಾಳು. ಹಳೆಯದರಲ್ಲಿ ಬೇರೆ ಅಳತೆಯೂ ಬರುತ್ತೆ, ಆದ್ದರಿಂದ ಪೈಪನ್ನೇ ಲೇತ್ ಅಂಗಡಿಗೆ ಒಯ್ದು ಗೇಜ್ ಹಿಡಿಸಿ ಹಿತ್ತಾಳೆಯಲ್ಲಿ ಕಪ್ಲಿಂಗ್ ಮಾಡಿಸಿ.

ಹಾಲ್‌ನ ಮದ್ರಾಸ್ ತಾರಸಿಯಲ್ಲಿ ಜಂತಿಗಳ ನಡುವೆ ಡ್ರಿಲ್ ಹಾಕಲೇಬೇಡಿ. ಅಲ್ಲಿರೋದು ಸುಣ್ಣದ ಗಾರೆಯಲ್ಲಿ ನಿಲ್ಲಿಸಿದ ತೆಳು ಇಟ್ಟಿಗೆ, ಆಂಕರ್ ಹಿಗ್ಗಿದರೆ ಇಟ್ಟಿಗೆ ಸೀಳುತ್ತೆ. ಭಾರ ಜಂತಿಯ ಮೇಲೇ ಬರಬೇಕು. ಮೊದಲು ಜಂತಿ ಗೋಡೆಯೊಳಗೆ ಹೋಗುವ ಎರಡೂ ತುದಿಯಲ್ಲಿ ದಬ್ಬಳ ಚುಚ್ಚಿ ಗೆದ್ದಲು, ಕೊಳೆತ ಇದೆಯೇ ನೋಡಿ. ಆಮೇಲೆ 40 ಮಿ.ಮೀ. ಅಗಲ 5 ಮಿ.ಮೀ. ದಪ್ಪದ ಎರಡು ಕಬ್ಬಿಣದ ಪಟ್ಟಿ ಜಂತಿಯ ಆಚೀಚೆ ಇಟ್ಟು, ಜಂತಿಯ ಎತ್ತರದ ನಡುಮಧ್ಯೆ ಅಡ್ಡ ತೂತು ಕೊರೆದು 10 ಮಿ.ಮೀ. ಬೋಲ್ಟ್ ಹಾಕಿ, ಕೆಳಗೆ ಕೊಕ್ಕೆ ಕೂಡಿಸಿ. ತೂತು ಕೆಳಅಂಚಿನ ಹತ್ತಿರ ಬೇಡ, ಭಾರಕ್ಕೆ ಮರ ಎಳೆಸಿಕೊಳ್ಳುವುದು ಅಲ್ಲೇ. ಕೆಳಗಿಂದ ಮೇಲಕ್ಕೆ ಒಂದು ದೊಡ್ಡ ಸ್ಕ್ರೂ ತಿರುಗಿಸಿ ಬಿಡೋದು ಎಲ್ಲರೂ ಮಾಡ್ತಾರೆ, ನಾನು ಮಾಡಿಸಲ್ಲ.

ಆರ್‌ಸಿಸಿ ಕಡೆ ಸುಲಭ. ಸ್ಲ್ಯಾಬ್ ಹಾಕುವಾಗಲೇ ಕಂಬಿಗೆ ಕಟ್ಟಿದ ಫ್ಯಾನ್ ಕೊಕ್ಕೆ ತುಕ್ಕು ತಿಂದಿಲ್ಲ ಅಂದರೆ ಸಾಕು. ಆದರೂ ಪರೀಕ್ಷೆ ಮಾಡಿ. ತೂಗುದೀಪದ ಕೊಕ್ಕೆ ದೀಪದ ನಾಲ್ಕು ಪಟ್ಟು ಭಾರವನ್ನು ಒಂದು ಗಂಟೆ ತಡೆಯಬೇಕು. 12 ಕೆ.ಜಿ.ಗೆ 48 ಆಯಿತು. ಒಂದು ಮೂಟೆ ಸಿಮೆಂಟ್ 50 ಕೆ.ಜಿ., ಅದನ್ನೇ ನೆಲದಿಂದ ಮೂರು ಇಂಚು ಮೇಲೆ ಹಗ್ಗದಲ್ಲಿ ನೇತುಹಾಕಿ ಒಂದು ಗಂಟೆ ಬಿಡಿ. ಕೊಕ್ಕೆಯ ಸುತ್ತ ಗಾರೆಯಲ್ಲಿ ಕೂದಲೆಳೆ ಬಿರುಕು ಹೊಸದಾಗಿ ಬಂದರೆ ಆ ಕೊಕ್ಕೆ ಬೇಡ. ಹೊಸ ಆಂಕರ್ ಹಾಕುವುದಾದರೆ ಕಾಂಕ್ರೀಟಿನೊಳಗೇ 60 ಮಿ.ಮೀ. ಆಳ ಹೋಗಬೇಕು, ಪ್ಲಾಸ್ಟರ್ ದಪ್ಪ ಲೆಕ್ಕಕ್ಕಿಲ್ಲ. ಹೆಂಚು ತುಂಬಿದ ಫಿಲ್ಲರ್ ಸ್ಲ್ಯಾಬ್ ಮನೆಗಳೂ ನಮ್ಮೂರಲ್ಲಿ ಸಾಕಷ್ಟಿವೆ. ಡ್ರಿಲ್‌ಗೆ ಕೆಂಪು ಪುಡಿ ಬಂದರೆ ನಿಲ್ಲಿಸಿ, ಕಾಂಕ್ರೀಟ್ ಇರುವ ಪಟ್ಟಿಗೆ ಸರಿಯಿರಿ.

ತಂತಿಕೆಲಸ

ಸರ್, ಆ ಬಟ್ಟೆ ವೈರ್ ಚೆನ್ನಾಗಿ ಕಾಣ್ತಿದೆ ಅಂತ ಕರೆಂಟ್ ಕೊಟ್ಟು ನೋಡೋಕೆ ಹೋಗ್ಬೇಡಿ. ಬಟ್ಟೆ ಒಳಗೆ ಇರೋದು ರಬ್ಬರ್. ಅದು ಒಣಗಿ ಬಿಸ್ಕೆಟ್ ಥರ ಆಗಿರುತ್ತೆ, ಬಗ್ಗಿಸಿದ ಕಡೆ ಉದುರಿ ತಾಮ್ರ ಬೆತ್ತಲೆ. ಅಂಗಡಿಯವರು ಹೊತ್ತಿಸಿ ತೋರಿಸ್ತೀನಿ ಅಂದರೂ ಕಬ್ಬಿಣ ಮುಟ್ಟಬೇಡಿ.

ಫ್ರಾನ್ಸಿನ ದೀಪ ಇಲ್ಲಿನ 230 ವೋಲ್ಟ್‌ಗೆ ಆಗುತ್ತಾ ಅಂತ ಬಹಳ ಜನ ಕೇಳ್ತಾರೆ. ದೀಪದ ಚೌಕಟ್ಟಿಗೆ ವೋಲ್ಟೇಜ್ ಅಂತ ಏನಿಲ್ಲ, ಬಲ್ಬ್‌ಗೆ ಮಾತ್ರ. ಇನ್ನೊಂದು ಅನುಕೂಲ, ಫ್ರಾನ್ಸಲ್ಲೂ ಆಗ ನಮ್ಮ ಹಾಗೇ ಪಿನ್ ಬಲ್ಬೇ ಜಾಸ್ತಿ, ಅಂದರೆ ಬಿ22. ಹೋಲ್ಡರ್ ಅದೇ ಇದ್ದರೆ ಇಲ್ಲಿನ ಬಲ್ಬ್ ನೇರ ಕೂರುತ್ತೆ. ಹಿತ್ತಾಳೆ ಚಿಪ್ಪು, ಒಳಗೆ ಪಿಂಗಾಣಿ ಇರೋ ಹಳೆ ಹೋಲ್ಡರ್ ಎಸೀಬೇಡಿ. ಶೇಡ್ ಹಿಡಿಯೋ ಬಳೆ ಆ ಚಿಪ್ಪಿನ ಹೊರಗಿನ ಥ್ರೆಡ್‌ಗೆ ಕೂತಿರುತ್ತೆ, ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ತಂದ ಹೊಸ ಹೋಲ್ಡರ್‌ಗೆ ಆ ಬಳೆ ಸರಿಹೋಗುತ್ತೆ ಅನ್ನೋ ಖಾತ್ರಿ ಇಲ್ಲ. ಸ್ಪ್ರಿಂಗ್ ಸತ್ತಿದ್ದರೆ, ಪಿಂಗಾಣಿ ಸೀಳಿದ್ದರೆ ಒಳಭಾಗ ಮಾತ್ರ ಬದಲಿಸಿ. ಯಾರಾದರೂ ಸ್ಕ್ರೂ ಬಲ್ಬಿನ ಹೋಲ್ಡರ್ ಹಾಕಿದ್ದರೆ ಫೇಸ್ ನಡುವಿನ ಪಿನ್‌ಗೇ ಹೋಗಬೇಕು, ಸುತ್ತಿನ ಚಿಪ್ಪಿಗೆ ನ್ಯೂಟ್ರಲ್. ಉಲ್ಟಾ ಆದರೆ ಬಲ್ಬ್ ತಿರುಗಿಸುವಾಗ ಹೊಡೆಯುತ್ತೆ.

ವೈರ್ 0.75 ಚದರ ಮಿ.ಮೀ. ಸಾಕು. ನಾಲ್ಕು ಟುಲಿಪ್, ಬೋಗುಣಿಗೆ ಮೂರು, ಒಟ್ಟು ಏಳು ಬಲ್ಬ್, ಒಂದೊಂದು 4 ವ್ಯಾಟ್ ಅಂದರೆ 28 ವ್ಯಾಟ್. ಅದು ಎಳೆಯೋ ಕರೆಂಟ್ ಬಹಳ ಕಡಿಮೆ. ಇನ್ನೂ ತೆಳು ವೈರ್ ಯಾಕೆ ಬೇಡ ಅಂದರೆ ಎಳೆಯುವಾಗ ಹರಿಯುತ್ತೆ ಅಂತ, ಕರೆಂಟ್ ಸಾಲಲ್ಲ ಅಂತ ಅಲ್ಲ. ಗಟ್ಟಿ ಕಬ್ಬಿಣದ ಕೈ ಆಗಿದ್ದರೆ ವೈರ್ ಮೇಲ್ಗಡೆ ಅಲಂಕಾರದ ಎಲೆ ಹಿಂದೆ ಓಡಿರುತ್ತೆ, ಅಲ್ಲಿ ಬಟ್ಟೆ ಹೆಣಿಗೆಯ ಕಪ್ಪು ವೈರ್ ಹಾಕಿದರೆ ಕಾಣಲ್ಲ. ಪೈಪ್ ಒಳಗೆ ಹೋಗಿದ್ದರೆ ಹಳೆ ವೈರ್ ತುದಿಗೆ ಹೊಸದನ್ನು ಕಟ್ಟಿ ಒಟ್ಟಿಗೆ ಎಳೀರಿ, ಹಳೇದನ್ನ ಮೊದಲೇ ಕಿತ್ತರೆ ಆಮೇಲೆ ಆ ಬಾಗಿದ ಪೈಪಲ್ಲಿ ಹೊಸ ವೈರ್ ನುಗ್ಗಿಸೋದು ಕಷ್ಟ. ಪೈಪಿನ ಬಾಯಿ ಚೂಪಾಗಿರುತ್ತೆ, ಸಣ್ಣ ಅರ ಆಡಿಸಿ ಸಿಲಿಕೋನ್ ಸ್ಲೀವ್ ಹಾಕಿ. ಹೊಸ ವೈರಿಂಗ್ ಮಾಡಿದ ದೀಪ ಬಾಡಿ ಶಾರ್ಟ್ ಆಗೋದು ನೂರಕ್ಕೆ ತೊಂಬತ್ತು ಸಲ ಇದೇ ಬಾಯಲ್ಲಿ. ಜಾಯಿಂಟ್ ಎಲ್ಲ ಚಾವಣಿಗೆ ತಾಗೋ ಮೇಲಿನ ಬಟ್ಟಲಿನೊಳಗೆ ಲಿವರ್ ಕನೆಕ್ಟರ್‌ನಲ್ಲಿ. ಟೇಪ್ ಸುತ್ತಿದ ಜಾಯಿಂಟ್ ಬೇಡ, ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ.

ಬೋಗುಣಿಗೊಂದು, ಟುಲಿಪ್‌ಗೊಂದು ಅಂತ ಎರಡು ಸ್ವಿಚ್ ಮಾಡಿಸಿ. ಮೇಲಿಂದ ಎರಡು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ತ್, ಒಟ್ಟು ನಾಲ್ಕು ವೈರ್ ಬರಬೇಕು. ನಿಮ್ಮ ಹಾಲ್‌ನಲ್ಲಿ ಮರದ ಪಟ್ಟಿ ಮೇಲಿನ ಹಳೆ ವೈರಿಂಗ್ ಇದ್ದರೆ ಲೈಟ್ ಪಾಯಿಂಟ್‌ಗೆ ಅರ್ತ್ ಬಂದೇ ಇರಲ್ಲ. ಇಷ್ಟು ಕಬ್ಬಿಣ ತೂಗಾಡೋ ದೀಪಕ್ಕೆ ಅರ್ತ್ ಇಲ್ಲದೆ ಆಗಲ್ಲ, ಬೋರ್ಡ್‌ನಿಂದ ಹೊಸದಾಗಿ ಎಳೆಸಿ. ಅರ್ತ್ ಲಗ್ (ವೈರ್ ತುದಿಯ ಲೋಹದ ಬಳೆ) ಹಾಕೋ ಜಾಗದಲ್ಲಿ ಮೇಣ, ಬಣ್ಣ ಕೆರೆದು ಬಿಳಿ ಕಬ್ಬಿಣ ಕಾಣಿಸಿ, ಹಲ್ಲು ವಾಷರ್ ಹಾಕಿ ಬಿಗಿ ಮಾಡಿ. ಪ್ರತಿ ಕೈಯಿಂದ ಲಗ್‌ಗೆ ಮೀಟರ್ ಹಿಡಿದರೆ ಅರ್ಧ ಓಮ್ ಒಳಗೆ ತೋರಿಸಬೇಕು. ಬೋಲ್ಟ್ ಮಾಡಿದ ಕೈಗಳ ನಡುವೆ ತುಕ್ಕು ಇದ್ದರೆ ಇಲ್ಲೇ ಗೊತ್ತಾಗುತ್ತೆ.

ಎಲ್ಲ ಮುಗಿದ ಮೇಲೆ, ನೆಲದ ಮೇಲಿರುವಾಗಲೇ ಮೆಗ್ಗರ್, ಅಂದರೆ ವೈರಿನಿಂದ ಬಾಡಿಗೆ ಕರೆಂಟ್ ಸೋರುತ್ತಾ ಅಂತ ನೋಡೋ ಮೀಟರ್. ಬಲ್ಬ್ ಎಲ್ಲ ತೆಗೆದು, ಫೇಸ್ ನ್ಯೂಟ್ರಲ್ ಸೇರಿಸಿ, ಅಲ್ಲಿಂದ ಬಾಡಿಗೆ 500 ವೋಲ್ಟ್. 2 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಮೇಲೆ ಏರಿಸಬೇಡಿ. ಬಲ್ಬ್ ಹಾಕಿಯೇ ಮೆಗ್ಗರ್ ಹಿಡಿದರೆ ಎಲ್‌ಇಡಿ ಒಳಗಿನ ಸರ್ಕೀಟ್ ಹೋಗಬಹುದು. ಈ ಲೈನಿಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗೋ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದೆಯಾ ಅಂತಾನೂ ನೋಡ್ಕೊಳ್ಳಿ.

ಬಂದರುಕಟ್ಟೆ

ಹರಾಜಿನ ಪ್ರಶ್ನೆಗೆ. ಪರದೆಯ ಮೇಲೆ ಕಾಣುವ ಬೆಲೆಗೆ ಹರಾಜು ಮನೆಯ ಕಮಿಷನ್ ಶೇಕಡಾ 20ರಿಂದ 30 ಸೇರುತ್ತೆ, ಪ್ಯಾಕಿಂಗ್ ಬೇರೆಯವರದು, ಸಾಗಣೆ ಬೇರೆಯವರದು. ಏರ್ ಕಾರ್ಗೊದಲ್ಲಿ ಬಿಲ್ ಆಗುವುದು ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದು. ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ ಕೊರಿಯರ್‌ನವರು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಗಾಜಿಗೆ 60×60×40 ಪೆಟ್ಟಿಗೆ ಅಂದರೆ 28.8 ಕೆ.ಜಿ. ಬಿಚ್ಚದ ಚೌಕಟ್ಟಿಗೆ 70×70×50 ಅಂದರೆ 49 ಕೆ.ಜಿ. ನಿಮ್ಮ 12 ಕೆ.ಜಿ. ದೀಪ ಬಿಲ್ಲಿನಲ್ಲಿ 78 ಕೆ.ಜಿ.ಯ ಹತ್ತಿರ ಆಯಿತು. ಕೈಗಳನ್ನು ಬೋಲ್ಟ್ ಬಿಚ್ಚಿ 70×30×20ರಲ್ಲಿ ಜೋಡಿಸಿದರೆ ಅದೇ ಚೌಕಟ್ಟು 8.4 ಕೆ.ಜಿ. ಬಿಚ್ಚುತ್ತಾರೋ ಇಲ್ಲವೋ ಅಂತ ಹರಾಜು ಕೂಗುವ ಮುಂಚೆ ಕೇಳಿ. ಗಾಜು, ಕಬ್ಬಿಣ ಒಂದೇ ಪೆಟ್ಟಿಗೆಯಲ್ಲಿ ಬರಲೇಬಾರದು. ಟುಲಿಪ್‌ಗಳನ್ನು ಒಂದರೊಳಗೊಂದು ಇಟ್ಟು ಕಳಿಸಿದರೆ ಕತ್ತು ಚಕ್ಕೆ ಏಳುವುದು ಖಚಿತ. ಪ್ರತಿಯೊಂದಕ್ಕೂ ಸುತ್ತ 5 ಸೆಂ.ಮೀ. ಫೋಮ್, ಪೆಟ್ಟಿಗೆಯೊಳಗೆ ಪೆಟ್ಟಿಗೆ. ವಿಮೆಯ ಪತ್ರದಲ್ಲಿ ಗಾಜು ಒಡೆತ ಹೊರಗಿಟ್ಟಿದ್ದಾರಾ ಅಂತ ಓದಿ.

ಎಲ್ಲಕ್ಕಿಂತ ದೊಡ್ಡ ತೊಡಕು ಕಸ್ಟಮ್ಸ್. ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಯಂತ್ರೋಪಕರಣ ಬಿಟ್ಟು ಬೇರೆ ಬಳಸಿದ ಸಾಮಾನು ನಿರ್ಬಂಧಿತ ಪಟ್ಟಿಯಲ್ಲಿದೆ, ತರಿಸಲು ಪರವಾನಗಿ ಬೇಕು. ಕಸ್ಟಮ್ಸ್ ಸುಂಕಪಟ್ಟಿಯಲ್ಲಿ 100 ವರ್ಷ ದಾಟಿದ ಪುರಾತನ ವಸ್ತುವಿಗೆ 9706 ಎಂಬ ಬೇರೆ ಶೀರ್ಷಿಕೆ, ದೀಪಗಳಿಗೆ 9405. 1925ರ ಪ್ರದರ್ಶನದ ನಂತರದ ಬಹುಪಾಲು ಡೆಕೊ ದೀಪಗಳು ಆ ನೂರರ ಗೆರೆ ಇನ್ನೂ ದಾಟಿಲ್ಲ. ಮಾರುವವರು ಬಿಲ್ಲಿನಲ್ಲಿ ಆಂಟಿಕ್ ಎಂದು ಬರೆದ ಮಾತ್ರಕ್ಕೆ ದೇವನಹಳ್ಳಿಯ ಕಾರ್ಗೊದಲ್ಲಿ ಒಪ್ಪಲ್ಲ, ವರ್ಷಕ್ಕೆ ಆಧಾರ ಕೇಳ್ತಾರೆ. ಹಣ ಕಟ್ಟುವ ಮುಂಚೆ ಕಸ್ಟಮ್ಸ್ ಬ್ರೋಕರ್‌ಗೆ ಹರಾಜಿನ ವಿವರಣೆ ತೋರಿಸಿ ಲಿಖಿತವಾಗಿ ಅಭಿಪ್ರಾಯ ತಗೊಳ್ಳಿ.

ಆ ವಿವರಣೆಗಳಲ್ಲಿ "ಎಪಾಕ್ ಆರ್ಟ್ ಡೆಕೊ" ಎಂದಿದ್ದರೆ ಆ ಕಾಲದ್ದು, "ಸ್ಟೀಲ್ ಆರ್ಟ್ ಡೆಕೊ" (ಸ್ಟೀಲ್ ಅಂದರೆ ಫ್ರೆಂಚಿನಲ್ಲಿ ಶೈಲಿ, ಉಕ್ಕಲ್ಲ) ಎಂದಿದ್ದರೆ ಆ ಶೈಲಿಯಲ್ಲಿ ಯಾವಾಗಲೋ ಮಾಡಿದ್ದು. "ಫೇಲ್" ಬಿರುಕು, "ಎಕ್ಲಾ" ಚಕ್ಕೆ, "ಎಗ್ರನ್ಯೂರ್" ಅಂಚಿನ ಸಣ್ಣ ಕಚ್ಚು. ಮೊದಲನೆಯದು ಕಂಡರೆ ಮುಂದಿನ ದೀಪಕ್ಕೆ ಹೋಗಿ.

ಒಂದು ದೀಪಕ್ಕಾಗಿ ಇಷ್ಟೆಲ್ಲ ಮಾಡುವುದು ನನ್ನ ಲೆಕ್ಕದಲ್ಲಿ ಬೇಡ. ಮುಟ್ಟಿ ನೋಡಲು ಸಿಗುತ್ತಿರುವ ಮಾಲಿಗೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಸಂಪಿಗೆರಸ್ತೆ

ಎಲ್ಲರಿಗೂ ಧನ್ಯವಾದ. ಗಾಜು ಬಿಚ್ಚಿಸಿ ನೋಡಿದೆ. ಬೋಗುಣಿ ಸ್ವಚ್ಛ, ಮೂರು ಟುಲಿಪ್ ಸರಿ, ಸಹಿ ಇಲ್ಲದ್ದು 3 ಮಿ.ಮೀ. ಗಿಡ್ಡ, ಬಣ್ಣ ಮಾತ್ರ ಒಂದೇ. ಬೆಸುಗೆ ಅರ ಹಾಕಿದ್ದು, ಕೈಗಳು ಗಟ್ಟಿ ಸಲಾಕೆ. ಬೋಗುಣಿ ಮೂರು ಕೊಕ್ಕೆಗಳ ಮೇಲೆ ನಿಲ್ಲುತ್ತೆ. ಗಾಜಿನ ಮೇಲೆ ಅಲ್ಲಲ್ಲಿ ಬಿಳಿ ಕಲೆ, ಒರೆಸಿದರೆ ಹೋಗಲ್ಲ. ಬೆಲೆ ಎಷ್ಟಕ್ಕೆ ಇಳಿಸಲಿ? ಕಲೆ ಹೋಗುತ್ತಾ?

ಗಾಜಿನಮನೆ

ಬೆಸುಗೆ ವಿಷಯದಲ್ಲಿ ಕಬ್ಬಿಣದಕಡಲೆಯವರ ಮಾತೇ ಸರಿ. ಟುಲಿಪ್ ಅದೇ ಸೆಟ್ಟಿನದು, ಅಂಚು ಮಾತ್ರ ಉಜ್ಜಿದ್ದಾರೆ. ತೂಗುಹಾಕಿದ ಮೇಲೆ 3 ಮಿ.ಮೀ. ಯಾರ ಕಣ್ಣಿಗೂ ಬೀಳಲ್ಲ, ಆದರೆ ಬೆಲೆಯಲ್ಲಿ ಬೀಳಬೇಕು. ಒತ್ತುಗಾಜಿನ ಸೆಟ್ಟುಗಳು ಅಪರೂಪವೇನಲ್ಲ, ಬೆಲೆ ನಿಲ್ಲುವುದು ಐದೂ ಗಾಜು ಪೂರ್ಣವಾಗಿದ್ದರೆ. ನಾನಾದರೆ ವೈರಿಂಗ್ ಖರ್ಚನ್ನೂ ಸೇರಿಸಿ ಕಾಲು ಭಾಗ ಇಳಿಸಲು ಕೇಳುತ್ತೇನೆ, 1.2 ಲಕ್ಷದಿಂದ ಮಾತು ಶುರು ಮಾಡಿ. ರಸೀದಿಯಲ್ಲಿ "ಒಂದು ಶೇಡಿನ ಅಂಚು ಉಜ್ಜಿದೆ" ಎಂದು ಬರೆಸಿಕೊಳ್ಳಿ, ನಾಳೆ ಮಾರುವಾಗ ನಿಮ್ಮ ಮಾತಿಗೆ ಆಧಾರವಾಗುತ್ತೆ.

ಬಿಳಿ ಕಲೆ ಬೋರ್‌ವೆಲ್ ನೀರಿನ ಸುಣ್ಣ ಇರಬೇಕು, ಯಾರೋ ತೊಳೆದು ಹಾಗೇ ಒಣಗಿಸಿದ್ದಾರೆ. ಮಂಜುಗಾಜಿನ ಸಣ್ಣ ಗುಂಡಿಗಳಲ್ಲಿ ಅದು ಕೂತುಬಿಡುತ್ತೆ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಕೆಲವು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಒಂದೊಂದೇ ಗಾಜನ್ನು ಮೃದು ಬ್ರಷ್‌ನಿಂದ ತೊಳೆಯಿರಿ. ಕಲೆಯ ಮೇಲೆ ಒಂದು ಪಾಲು ಬಿಳಿ ವಿನೆಗರ್, ಮೂರು ಪಾಲು ನೀರು ಹತ್ತಿಯಲ್ಲಿ ಅದ್ದಿ ಹತ್ತು ನಿಮಿಷ ಇಡಿ, ಬೇಕಾದರೆ ಮತ್ತೊಮ್ಮೆ. ಬಣ್ಣ ಬಳಿದ ಅಥವಾ ಎನಾಮೆಲ್ ಗಾಜಿಗೆ ಇದನ್ನು ಮಾಡಬಾರದು, ನಿಮ್ಮದು ಬರೀ ಬಿಳಿ ಆದ್ದರಿಂದ ಪರವಾಗಿಲ್ಲ. ಕೊನೆಯ ಜಾಲಿಸುವಿಕೆ ಆರ್‌ಓ ನೀರಲ್ಲಿ, ಇಲ್ಲದಿದ್ದರೆ ಹೊಸ ಕಲೆ. ಬಿಸಿನೀರಿಂದ ನೇರ ತಣ್ಣೀರಿಗೆ ಇಡಬೇಡಿ, ದಪ್ಪ ಗಾಜು ಸೀಳುವುದು ಹಾಗೇ. ಎಣ್ಣೆ ಬೆರಳಚ್ಚಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಕೊಕ್ಕೆ ಮತ್ತು ಗಾಜಿನ ನಡುವೆ ಲೋಹ ನೇರ ತಾಗಬಾರದು. 2 ಮಿ.ಮೀ. ಸಿಲಿಕೋನ್ ಹಾಳೆಯ ಅಥವಾ ಚರ್ಮದ ತುಂಡು ಇಡಿ. ಟುಲಿಪ್ ಕತ್ತಿನ ಮೂರು ಸ್ಕ್ರೂಗಳನ್ನು ಬೆರಳಲ್ಲೇ ತಿರುಗಿಸಿ, ತಾಗಿದ ಮೇಲೆ ಕಾಲು ಸುತ್ತು ಹಿಂದಕ್ಕೆ. ಶೇಡ್ ತುಸು ಅಲ್ಲಾಡಬೇಕು. ಬಿಗಿದುಬಿಟ್ಟರೆ ದೀಪ ಹೊತ್ತಿ ಲೋಹ, ಗಾಜು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕತ್ತು ಸಿಡಿಯುತ್ತೆ.

ತಂತಿಕೆಲಸ

ಬಲ್ಬ್ ಬಗ್ಗೆ ಯಾರೂ ಹೇಳಿಲ್ಲ. ದೊಡ್ಡ ಎಲ್‌ಇಡಿ ಬಲ್ಬ್ ಟುಲಿಪ್‌ನಿಂದ ಆಚೆ ಇಣುಕುತ್ತೆ, 45 ಮಿ.ಮೀ. ಗುಂಡು ಬಲ್ಬ್ ತಗೊಳ್ಳಿ, ಬಿ22ರಲ್ಲಿ ಸಿಗುತ್ತೆ. ಪಾರದರ್ಶಕ ಬೇಡ, ಹಾಲುಬಣ್ಣದ್ದು. ಇಲ್ಲಾಂದ್ರೆ ಮಂಜುಗಾಜಿನ ಹಿಂದೆಯೂ ಚುಕ್ಕಿ ಕಾಣುತ್ತೆ. 2700 ಕೆಲ್ವಿನ್, ಏಳೂ ಒಂದೇ ಕಂಪನಿ, ಒಂದೇ ಪೆಟ್ಟಿಗೆ, ಬಣ್ಣ ಹೆಚ್ಚುಕಮ್ಮಿ ಆದರೆ ಬಿಳಿ ಗಾಜಲ್ಲಿ ತಕ್ಷಣ ಎದ್ದು ಕಾಣುತ್ತೆ. ತಂತಿ ಬಲ್ಬೇ ಬೇಕು ಅಂತ ಹಠ ಇದ್ದರೆ 25 ವ್ಯಾಟ್ ದಾಟಬೇಡಿ. ಬಾಯಿ ಕೆಳಗಿರೋ ಶೇಡಲ್ಲಿ ಬಿಸಿಯೆಲ್ಲ ಮೇಲೆ ಹೋಲ್ಡರ್‌ಗೇ ಹೋಗುತ್ತೆ.

ಹಾಲ್‌ನಲ್ಲಿ ಫ್ಯಾನ್ ಇದೆಯಾ? ರೆಕ್ಕೆಗಿಂತ ಮೇಲೆ ದೀಪ ಇದ್ದರೆ ಫ್ಯಾನ್ ತಿರುಗುವಾಗ ಗೋಡೆಯೆಲ್ಲ ಮಿಣುಕುತ್ತೆ. ರೆಕ್ಕೆ ತುದಿಯಿಂದ ಎರಡಡಿಯಾದರೂ ದೂರ ಇಡಿ. ಊಟದ ಕೋಣೆಯಲ್ಲಿ ಫ್ಯಾನ್ ಕೊಕ್ಕೆಯನ್ನೇ ದೀಪಕ್ಕೆ ಕೊಟ್ಟರೆ ಗೋಡೆ ಫ್ಯಾನ್‌ಗೆ ಪಾಯಿಂಟ್ ಈಗಲೇ ಎಳೆಸಿಬಿಡಿ.

ಏರಿಸುವಾಗ ಬರೀ ಚೌಕಟ್ಟು ಮೊದಲು. ತೂಗುಹಾಕಿ, ಕನೆಕ್ಷನ್ ಕೊಟ್ಟು, ಎರಡೂ ಸ್ವಿಚ್ ಹಾಕಿ ನೋಡಿ. ಆಮೇಲೆ ಮೇನ್ ಆಫ್ ಮಾಡಿ ಟುಲಿಪ್‌ಗಳನ್ನ ಎದುರುಬದುರು ಜೋಡಿಯಾಗಿ ಹಾಕಿ. ಒಂದೇ ಕಡೆ ಎರಡು ಹಾಕಿದರೆ ಚೌಕಟ್ಟು ವಾಲಿ ಮೂರನೆಯದು ಕೈಜಾರುತ್ತೆ. ಬೋಗುಣಿ ಕೊನೆಗೆ, ಇಬ್ಬರು ಬೇಕು. ಒಬ್ಬರು ಎರಡೂ ಕೈಯಲ್ಲಿ ಕೆಳಗಿಂದ ಹಿಡಿದಿರಬೇಕು, ಇನ್ನೊಬ್ಬರು ಮೂರೂ ಕೊಕ್ಕೆ ಕೂತಿದೆ ಅಂತ ಬಾಯಿಬಿಟ್ಟು ಹೇಳುವ ತನಕ ಬಿಡಬಾರದು.